ತೈಮೂರನ ಊರಿನಲ್ಲಿ ನಮ್ಮ ಗುಂಪು

ಉಜ್ಬೇಕಿಸ್ತಾನದ ಪ್ರವಾಸಕ್ಕೆ ಹೆಸರು ಬರೆಸಿದವರಿಗೆ ಟೂರ್ ಕಂಪನಿಗಳು ಕಳಿಸುವ ಕಾರ್ಯಕ್ರಮಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ತಾಷ್ಕೆಂಟ್, ಸಮರ್ಕಂದ್, ಬುಖಾರಾ, ಖೀವಾ. ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿ, ರಾತ್ರಿ ಭಾರತೀಯ ಭೋಜನ, ನಡುವೆ ಮದರಸಾ, ಮಸೀದಿ, ಗೋರಿ, ಕೋಟೆಗಳ ಉದ್ದದ ಸಾಲು. ಏನೇನು ನೋಡುತ್ತೇವೆ ಎಂಬುದು ಆ ಪಟ್ಟಿಯಿಂದ ತಿಳಿಯುತ್ತದೆ. ಏನೇನು ಕೇಳಿಸಿಕೊಳ್ಳುತ್ತೇವೆ ಎಂಬುದು ಮಾತ್ರ ಅಲ್ಲಿಗೆ ಹೋಗಿ ನಿಂತ ಮೇಲೆಯೇ ಗೊತ್ತಾಗಬೇಕು. ಗೈಡ್ ಜೊತೆಗಿನ ಗುಂಪು ಪ್ರವಾಸದಲ್ಲಿ ಕಣ್ಣಿನಷ್ಟೇ ಕೆಲಸ ಕಿವಿಗೂ ಇದೆ. ಒಂದು ದೇಶ ತನ್ನ ಚರಿತ್ರೆಯನ್ನು ಹೊರಗಿನವರ ಮುಂದೆ ಹೇಗೆ ಹೇಳಿಕೊಳ್ಳಲು ಇಷ್ಟಪಡುತ್ತದೆಯೋ ಅದನ್ನು ಅಲ್ಲಿಯವರ ಬಾಯಿಂದ, ಆ ಗೋಡೆಗಳ ನೆರಳಿನಲ್ಲೇ ನಿಂತು ಕೇಳುತ್ತೇವೆ. ನಾವು ಹೊತ್ತುಕೊಂಡು ಹೋದ ಚರಿತ್ರೆಯೂ ನಮ್ಮ ಜೊತೆಗೇ ನಿಂತಿರುತ್ತದೆ. ಎರಡೂ ಒಂದನ್ನೊಂದು ತಾಗುವ ಗಳಿಗೆಗಳಿಗಾಗಿಯೇ ಇಂಥ ಪ್ರವಾಸ ಮಾಡಬೇಕು ಎಂದು ನನಗೆ ಅನಿಸಿದ್ದು ಸಮರ್ಕಂದದಲ್ಲಿ.

ನಮ್ಮ ಗುಂಪಿನಲ್ಲಿ ಬೆಂಗಳೂರು, ಮೈಸೂರಿನವರು ಹೆಚ್ಚು. ಹುಬ್ಬಳ್ಳಿಯ ದಂಪತಿ, ಬೀದರಿನ ನಿವೃತ್ತ ಮಾಸ್ತರು ಒಬ್ಬರು, ಮಗಳ ಒತ್ತಾಯಕ್ಕೆ ಹೊರಟು ಬಂದ ಉಡುಪಿ ಕಡೆಯ ಅಜ್ಜಿ ಒಬ್ಬರು ಇದ್ದರು. ಬಹುಪಾಲು ಎಲ್ಲರದೂ ಅರವತ್ತು ದಾಟಿದ ವಯಸ್ಸು. ಬೆಂಗಳೂರಿನಿಂದಲೇ ಜೊತೆಗೆ ಬಂದ ಟೂರ್ ಮ್ಯಾನೇಜರ್ ಮೂವತ್ತರ ಆಸುಪಾಸಿನ ಹುಡುಗ. ಬಸ್ ಹೊರಡುವ ಮುನ್ನ ತಲೆ ಎಣಿಸುವುದು, ರಾತ್ರಿಯೇ ನಾಳೆಯ ಹೊತ್ತು ತಿಳಿಸುವುದು, ಸೂಟ್‌ಕೇಸ್‌ಗಳನ್ನು ಕೋಣೆಯ ಬಾಗಿಲಾಚೆ ಇಡಿಸುವುದು, ಪ್ರತಿ ಊರಿನ ಅಡುಗೆಮನೆಗೂ ಹೋಗಿ 'ಮಾಂಸವೂ ಬೇಡ, ಮಾಂಸ ಬೆಂದ ನೀರೂ ಬೇಡ' ಎಂದು ತಿಳಿಯುವಂತೆ ಹೇಳುವುದು ಅವನ ಪಾಲಿನ ಕೆಲಸ. ಚರಿತ್ರೆ ಹೇಳುವುದು ಸ್ಥಳೀಯ ಗೈಡ್ ಪಾಲಿನದು. ನಮಗೆ ಸಿಕ್ಕವರು ಸಮರ್ಕಂದದಲ್ಲೇ ಹುಟ್ಟಿ ಬೆಳೆದ ಯುವತಿ. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮ್ಯಾನೇಜರ್ ಅದನ್ನು ಬೇಕಾದವರಿಗೆ ಕನ್ನಡದಲ್ಲಿ ಹೇಳುತ್ತಿದ್ದ.

ಇಂಥ ಪ್ರವಾಸಗಳಲ್ಲಿ ಈಗ ಪ್ರತಿಯೊಬ್ಬರ ಕೊರಳಿಗೂ ಒಂದು ಪುಟ್ಟ ರಿಸೀವರ್, ಕಿವಿಗೊಂದು ಇಯರ್‌ಫೋನ್ ಕೊಡುತ್ತಾರೆ. ಗೈಡ್ ಅಂಗಳದ ಆ ತುದಿಯಲ್ಲಿ ಮೈಕಿನಲ್ಲಿ ಮೆಲ್ಲಗೆ ಹೇಳಿದ್ದು ಈ ತುದಿಯ ನೆರಳಿನಲ್ಲಿ ಕುಳಿತವರಿಗೂ ಕೇಳಿಸುತ್ತದೆ. ಮಂಡಿನೋವಿನವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಗೈಡ್ ಹಿಂದೆ ಓಡಬೇಕಿಲ್ಲ, ಕಟ್ಟಡದ ಮುಂದೆ ನಮಗೆ ಬೇಕಾದ ಕಡೆ ನಿಂತು ನೋಡುತ್ತಲೇ ಕೇಳಬಹುದು.

ತಾಷ್ಕೆಂಟಿನಲ್ಲಿ ಹಳೆಯದನ್ನು ಹುಡುಕಿಕೊಂಡು ಹೋಗುವವರಿಗೆ ಸಿಗುವುದು ಕಡಿಮೆ. 1966ರ ಏಪ್ರಿಲ್ 26ರ ಭೂಕಂಪದಲ್ಲಿ ಹಳೆಯ ಊರಿನ ಬಹುಭಾಗ ಉರುಳಿತು. ಈಗ ಕಾಣುವ ಅಗಲ ರಸ್ತೆಗಳು, ಮರಗಳ ಸಾಲು, ದೊಡ್ಡ ಚೌಕಗಳು ಸೋವಿಯತ್ ಕಾಲದಲ್ಲಿ ಮರಳಿ ಕಟ್ಟಿದ ನಗರದವು. 1977ರಲ್ಲಿ ಶುರುವಾದ ಮೆಟ್ರೋದ ನಿಲ್ದಾಣಗಳನ್ನು ನೋಡಲೆಂದೇ ನೆಲದಡಿಗೆ ಇಳಿಯಬೇಕು, ಅಷ್ಟು ಚೆಂದ. ನಮ್ಮ ಗುಂಪಿಗೆ ಮಾತ್ರ ತಾಷ್ಕೆಂಟ್ ಎಂದರೆ ಲಾಲ್ ಬಹಾದುರ್ ಶಾಸ್ತ್ರಿ. ಅದೇ 1966ರ ಜನವರಿ 10ರಂದು ಅವರು ಪಾಕಿಸ್ತಾನದ ಅಯೂಬ್ ಖಾನರೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ. ಅವರ ಎದೆಮಟ್ಟದ ಪ್ರತಿಮೆಯ ಮುಂದೆ ನಿಂತಾಗ ಮೈಸೂರಿನ ಹಿರಿಯರೊಬ್ಬರು ತಾವು ಶಾಲೆಯಲ್ಲಿದ್ದಾಗ ರೇಡಿಯೋದಲ್ಲಿ ಆ ಸುದ್ದಿ ಕೇಳಿ ಮನೆಮಂದಿಯೆಲ್ಲ ಅಂದು ಊಟ ಬಿಟ್ಟದ್ದನ್ನು ಹೇಳಿದರು. ನಮ್ಮ ಗೈಡ್ ಅದನ್ನು ಕೇಳಿಸಿಕೊಂಡು, ಅರ್ಥ ಮಾಡಿಸಿಕೊಂಡು, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಕೇಳುವ ಕೆಲಸ ಎರಡೂ ಕಡೆಯದು ಎಂದು ನನಗೆ ಮೊದಲು ಹೊಳೆದದ್ದು ಆಗ.

ಅದೇ ನಗರದ ನಡುವಿನ ಚೌಕದಲ್ಲಿ ಕುದುರೆ ಏರಿದ ಅಮೀರ್ ತೈಮೂರನ ಪ್ರತಿಮೆ ಇದೆ. ರಷ್ಯಾದ ಚಕ್ರವರ್ತಿಗಳ ಆಳ್ವಿಕೆಯಲ್ಲಿ ಅಲ್ಲಿ ಈ ನಾಡನ್ನು ಗೆದ್ದ ಸೇನಾಪತಿ ಕೌಫ್‌ಮನ್‌ನ ಪ್ರತಿಮೆ ಇತ್ತು. ಮುಂದೆ ಸ್ಟಾಲಿನ್ ಬಂದ, ಅವನ ನಂತರ ಮಾರ್ಕ್ಸ್ ಬಂದ. 1991ರಲ್ಲಿ ದೇಶ ಸ್ವತಂತ್ರವಾಗಿ, 1993ರಲ್ಲಿ ತೈಮೂರ ಬಂದು ನಿಂತ. ಸೋವಿಯತ್ ಪುಸ್ತಕಗಳಲ್ಲಿ ಕ್ರೂರಿ ಎನಿಸಿಕೊಂಡಿದ್ದವನು ಹೊಸ ದೇಶಕ್ಕೆ ಮೂಲಪುರುಷನಾದ. ಗೈಡ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಮುಂದಿನ ಊರುಗಳಲ್ಲಿ ತೈಮೂರನ ಹೆಸರು ಬಂದಾಗಲೆಲ್ಲ ಈ ಚೌಕವನ್ನು ನೆನಪಿಟ್ಟುಕೊಂಡರೆ ಬಹಳ ವಿಷಯಗಳು ತಿಳಿಯಾಗುತ್ತವೆ.

ತಾಷ್ಕೆಂಟಿನಿಂದ ಸಮರ್ಕಂದಕ್ಕೆ ಅಫ್ರಾಸಿಯೋಬ್ ಎಂಬ ವೇಗದ ರೈಲು, ಎರಡು ಗಂಟೆಯ ಮೇಲೆ ಸ್ವಲ್ಪ ಹೊತ್ತಿನ ಪ್ರಯಾಣ. ಮಧ್ಯಾಹ್ನದ ಹೊತ್ತಿಗೆ ರೆಗಿಸ್ತಾನ್ ಚೌಕದ ಮುಂದಿದ್ದೆವು. ಮೂರು ದಿಕ್ಕಿಗೆ ಮೂರು ಮದರಸಾಗಳು. ಎಡಕ್ಕೆ ಉಲೂಗ್ ಬೇಗ್ ಕಟ್ಟಿಸಿದ್ದು, 1417ರಿಂದ 1420ರ ನಡುವಿನದು. ಅದಕ್ಕೆ ಎದುರಾಗಿ ಶೇರ್‌ದೋರ್, ಎರಡು ಶತಮಾನಗಳ ನಂತರ ಅದರ ಜೋಡಿಯೆಂಬಂತೆ ಎದ್ದದ್ದು. ನಡುವೆ ಒಳಗೆಲ್ಲ ಚಿನ್ನದ ಲೇಪದ ತಿಲ್ಲಾಕಾರಿ. ಶೇರ್‌ದೋರ್‌ನ ಹೆಬ್ಬಾಗಿಲ ಮೇಲೆ ಜಿಂಕೆಯನ್ನು ಬೆನ್ನಟ್ಟಿದ ಹುಲಿ, ಅದರ ಬೆನ್ನ ಮೇಲೆ ಮನುಷ್ಯನ ಮುಖದ ಸೂರ್ಯ. ಮದರಸಾದ ಬಾಗಿಲಲ್ಲಿ ಜೀವಿಗಳ ಚಿತ್ರ ಅಪರೂಪ. ಇಷ್ಟನ್ನು ಎಲ್ಲ ಗೈಡ್‌ಗಳೂ ಹೇಳುತ್ತಾರೆ. ನಮಗೆ ಹೆಚ್ಚಿನದೊಂದು ಸಿಕ್ಕಿದ್ದು ಬೀದರಿನ ಮಾಸ್ತರರಿಂದ.

ಅವರು ಉಲೂಗ್ ಬೇಗನ ಮದರಸಾದ ಅಂಗಳದಲ್ಲಿ ನಾಲ್ಕೂ ಕಡೆ ಒಮ್ಮೆ ತಿರುಗಿ ನೋಡಿ, ಗೋಡೆಯ ಮೇಲಿನ ನೀಲಿ ಹೆಂಚಿನ ಚೂರುಗಳನ್ನು ಹತ್ತಿರದಿಂದ ದಿಟ್ಟಿಸಿ, ಹಿಂದಿರುಗಿ ಬಂದು ಹೇಳಿದರು: "ಇದನ ನೋಡ್ರಿ, ನಮ್ಮ ಗವಾನ್ ಮದರಸಾ ಪೂರಾ ಉಳಿದಿದ್ರ ಹಿಂಗ ಇರ್ತಿತ್ತು."

ನಿಜ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕ್ಯಾಸ್ಪಿಯನ್ ದಂಡೆಯ ಗೀಲಾನಿನಿಂದ ಬಂದವನು. 1472ರಲ್ಲಿ ಬೀದರಿನಲ್ಲಿ ಅವನು ಕಟ್ಟಿಸಿದ ಮದರಸಾ ತೈಮೂರನ ವಂಶದವರ ನಾಡುಗಳಲ್ಲಿ ಬೆಳೆದ ಇದೇ ಶೈಲಿಯದು. ನಡುವೆ ಅಂಗಳ, ಸುತ್ತ ಮೂರಂತಸ್ತಿನ ಕೋಣೆಗಳು, ದಿಕ್ಕಿಗೊಂದು ಎತ್ತರದ ಕಮಾನು, ಮುಂದೆ ಮಿನಾರ್‌ಗಳು, ಮೈತುಂಬ ಬಣ್ಣದ ಹೊಳಪಿನ ಹೆಂಚು. 1696ರಲ್ಲಿ ಮದ್ದು ಸಿಡಿದು ಮುಂಭಾಗದ ದೊಡ್ಡ ಪಾಲು ಹೋಯಿತು. ಒಂದೇ ಮಿನಾರ್ ಉಳಿಯಿತು. ಅದರ ಮೇಲಿನ ಅಂಕುಡೊಂಕು ಪಟ್ಟಿಗಳ ಹೆಂಚಿನ ಗುರುತು ಇಂದಿಗೂ ಕಾಣುತ್ತದೆ. ಬೀದರಿನ ಹುಡುಗರು ಅದರ ಪಕ್ಕದಲ್ಲೇ ಆಡಿಕೊಂಡು ಬೆಳೆಯುತ್ತಾರೆ. ಮಾಸ್ತರು ತಮ್ಮ ಮೊಬೈಲಿನಲ್ಲಿದ್ದ ಅದರ ಚಿತ್ರವನ್ನು ಗೈಡ್‌ಗೆ ತೋರಿಸಿದರು. ಆಕೆ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಭಾರತ ಎಂದರೆ ಆಗ್ರಾ, ದಿಲ್ಲಿ, ಬಾಬರ್ ಎಂದಷ್ಟೇ ತಿಳಿದಿದ್ದ ಆಕೆಗೆ ದಖ್ಖನಿನಲ್ಲಿ ತಮ್ಮೂರಿನ ನೆಂಟಸ್ತನದ ಕಟ್ಟಡ ಇರುವುದು ಹೊಸ ಸುದ್ದಿ. "ಇದನ್ನು ಮುಂದಿನ ಭಾರತೀಯ ಗುಂಪಿಗೆ ಹೇಳುತ್ತೇನೆ" ಎಂದರು. ಒಬ್ಬಳೇ ಪುಸ್ತಕ ಹಿಡಿದು ಆ ಅಂಗಳಕ್ಕೆ ಹೋಗಿದ್ದರೆ ಬೀದರ್ ನನ್ನ ನೆನಪಿಗೆ ಬರುತ್ತಿತ್ತೋ ಇಲ್ಲವೋ.

ರೆಗಿಸ್ತಾನಿನ ಹೊಳಪಿನ ಬಗ್ಗೆ ಒಂದು ಮಾತು. ಅಲ್ಲಿ ಕಾಣುವ ನೀಲಿಯಲ್ಲಿ ಬಹಳಷ್ಟು ಇಪ್ಪತ್ತನೆಯ ಶತಮಾನದ್ದು. ರಷ್ಯಾದ ಪ್ರೊಕುದಿನ್ ಗೋರ್ಸ್ಕಿ ಆ ಶತಮಾನದ ಮೊದಲ ವರ್ಷಗಳಲ್ಲಿ ತೆಗೆದ ಬಣ್ಣದ ಛಾಯಾಚಿತ್ರಗಳಲ್ಲಿ ಸಮರ್ಕಂದದ ಗುಮ್ಮಟಗಳು ಬಾಯ್ದೆರೆದಿವೆ, ಹೆಂಚು ಕಳಚಿ ಇಟ್ಟಿಗೆ ಕಾಣುತ್ತಿದೆ. ಉಲೂಗ್ ಬೇಗನ ಮದರಸಾದ ವಾಲಿದ್ದ ಮಿನಾರನ್ನು 1932ರಲ್ಲಿ ಎಂಜಿನಿಯರ್ ಶುಖೋವ್‌ನ ಲೆಕ್ಕಾಚಾರದಂತೆ ನೆಟ್ಟಗೆ ನಿಲ್ಲಿಸಿದರು. ತಿಲ್ಲಾಕಾರಿಯ ಮೇಲಿನ ನೀಲಿ ಗುಮ್ಮಟ ಸೋವಿಯತ್ ಕಾಲದ್ದು, ಕಟ್ಟಿಸಿದವರ ಕಾಲದಲ್ಲಿ ಅದು ಪೂರ್ತಿಯಾಗಲೇ ಇಲ್ಲ. ಇದನ್ನು ಗೈಡ್ ತಾವಾಗಿ ಹೇಳುವುದಿಲ್ಲ, ಕೇಳಿದರೆ ಹೇಳುತ್ತಾರೆ. ಕೇಳಲೇಬೇಕು. ತಿಳಿದ ಮೇಲೆ ಕಟ್ಟಡದ ಮೇಲಿನ ಪ್ರೀತಿ ನನಗಂತೂ ಕಡಿಮೆಯಾಗಲಿಲ್ಲ. ಅಲಕ್ಷ್ಯದಿಂದ ಬೀಳಲು ಬಿಡದೆ ತಲೆಮಾರುಗಟ್ಟಲೆ ಹೆಂಚು ಸುಟ್ಟು, ಬಣ್ಣ ಹೊಂದಿಸಿ, ಕೂಡಿಸಿದ ಕೈಗಳ ಮೇಲೆ ಗೌರವ ಹುಟ್ಟಿತು.

ಆದರೆ ದುರಸ್ತಿ ಎಂಬುದು ಎಲ್ಲಿ ನಿಲ್ಲಬೇಕು? ರೆಗಿಸ್ತಾನಿನಿಂದ ಬೀಬಿ ಖಾನಿಮ್ ಮಸೀದಿಗೆ ಹೋಗುವ ದಾರಿ ಈಗ ಹೂಕುಂಡಗಳ, ಬ್ಯಾಟರಿ ಬಂಡಿಗಳ ಅಚ್ಚುಕಟ್ಟಾದ ರಸ್ತೆ. ಅದರ ಪಕ್ಕದ ಗೋಡೆಯ ಆಚೆ ಹಳೆಯ ಮೊಹಲ್ಲಾ ಇದೆ. ಮಣ್ಣಿನ ಗೋಡೆಯ ಮನೆಗಳು, ದ್ರಾಕ್ಷಿಚಪ್ಪರದ ಅಂಗಳಗಳು, ಓಣಿಯ ಚಿಕ್ಕ ಮಸೀದಿ. ಗೋಡೆಯಲ್ಲಿ ಸಣ್ಣ ಬಾಗಿಲೊಂದು ತೆರೆದಿತ್ತು, ನಮ್ಮಲ್ಲಿ ಕೆಲವರು ಒಳಗೆ ಹೋಗಿ ಬಂದೆವು. ಪ್ರವಾಸಿಗಳ ಕಣ್ಣಿಗೆ ಬೀಳದಂತೆ ಜನರಿರುವ ಊರನ್ನು ಮರೆ ಮಾಡುವುದು ನನಗೆ ನೋವಿನ ಸಂಗತಿ. ತೈಮೂರ ಹುಟ್ಟಿದ ಸೀಮೆಯ ಶಹ್ರಿಸಬ್ಜ್‌ನಲ್ಲಿ ಹಳೆಯ ಊರಿನ ನಡುಭಾಗವನ್ನೇ ಕೆಡವಿ ಉದ್ಯಾನ ಮಾಡಿದ್ದರಿಂದ 2016ರಲ್ಲಿ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಹಂಪಿಯ ಬಜಾರಿನಿಂದ ಜನರನ್ನು ಎಬ್ಬಿಸಿದ್ದನ್ನು ಕಂಡ ನಮಗೆ ಈ ಪ್ರಶ್ನೆ ದೂರದ್ದೇನೂ ಅಲ್ಲ.

ಗೂರ್ ಎ ಅಮೀರ್, ಅಂದರೆ ತೈಮೂರನ ಗೋರಿಗೆ ಮರುದಿನ ಬೆಳಿಗ್ಗೆ ಹೋದೆವು. ಹೊರಗೆ ಏಣುಏಣಾದ ನೀಲಿ ಗುಮ್ಮಟ. ಒಳಗೆ ಚಿನ್ನದ ಬೆಳಕು. ನಡುವೆ ಕಡುಹಸಿರು, ಹೆಚ್ಚುಕಡಿಮೆ ಕಪ್ಪೆನಿಸುವ ಕಲ್ಲು. ಈ ಗೋರಿಯನ್ನು ಅವನು ಕಟ್ಟಿಸಿದ್ದು 1403ರಲ್ಲಿ ತೀರಿಕೊಂಡ ಮೊಮ್ಮಗ ಮುಹಮ್ಮದ್ ಸುಲ್ತಾನನಿಗಾಗಿ. 1405ರಲ್ಲಿ ಚೀನಾದ ಮೇಲೆ ದಂಡೆತ್ತಿ ಹೊರಟವನು ದಾರಿಯಲ್ಲೇ ಸತ್ತು, ಇಲ್ಲಿಗೇ ಬಂದು ಮಲಗಿದ. ಗೈಡ್ ಅವನ ಬಗ್ಗೆ ಮಾತಾಡುವಾಗ ಸ್ವರ ಬೇರೆಯಾಯಿತು. ನಾಡನ್ನು ಒಂದುಗೂಡಿಸಿದವನು, ಕುಶಲಕರ್ಮಿಗಳನ್ನು ಕರೆತಂದವನು, ಸಮರ್ಕಂದವನ್ನು ಲೋಕದ ನಡುವೆ ನಿಲ್ಲಿಸಿದವನು. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಅವರ ಸುತ್ತ ನಿಂತವರಲ್ಲಿ ಯಾರೂ ತಲೆದೂಗಲಿಲ್ಲ. ಎಲ್ಲರ ಮನಸ್ಸಿನಲ್ಲೂ ಒಂದೇ ಇಸವಿ ಇತ್ತು, 1398.

ಮೈಸೂರಿನ ನಿವೃತ್ತ ಅಧ್ಯಾಪಕಿ ಕೇಳಿಯೇಬಿಟ್ಟರು. "ಅಮ್ಮಾ, ದಿಲ್ಲಿಯಲ್ಲಿ ಈತ ಏನು ಮಾಡಿದ ಅನ್ನೋದನ್ನ ನೀವು ಶಾಲೆಯಲ್ಲಿ ಓದಿದ್ದೀರಾ?"

ಮ್ಯಾನೇಜರ್ ಹುಡುಗ ಇಂಗ್ಲಿಷಿಗೆ ತರುವಾಗ ಸ್ವಲ್ಪ ತಡವರಿಸಿದ. ಗೈಡ್ ಆ ಪ್ರಶ್ನೆಯಿಂದ ನುಣುಚಿಕೊಳ್ಳಲಿಲ್ಲ. "ದಂಡಯಾತ್ರೆ ಅಂತ ಓದಿದ್ದೇನೆ" ಎಂದರು. "ನೀವು ಹೇಗೆ ಓದಿದ್ದೀರಿ, ಹೇಳಿ."

ಅಧ್ಯಾಪಕಿ ಹೇಳಿದರು. ಯುದ್ಧಕ್ಕೆ ಮುಂಚೆ ಸಾವಿರಾರು ಸೆರೆಯಾಳುಗಳನ್ನು ಕೊಲ್ಲಿಸಿದ್ದು, ತುಘಲಕ್ ಸುಲ್ತಾನ ಸೋತ ಮೇಲೆ ದಿಲ್ಲಿಯನ್ನು ದಿನಗಟ್ಟಲೆ ಸೂರೆ ಹೊಡೆದದ್ದು, ಕಲ್ಲುಕುಟಿಗರನ್ನು, ಆನೆಗಳನ್ನು ಹಿಡಿದು ತಂದದ್ದು. ಪಾಠ ಹೇಳುವ ದನಿ, ಆರೋಪದ ದನಿಯಲ್ಲ. ಗೈಡ್ ಕೇಳಿಸಿಕೊಂಡರು. ಆಮೇಲೆ, "ಆ ಕಲ್ಲುಕುಟಿಗರು ಕೆಲಸ ಮಾಡಿದ ಜಾಗಕ್ಕೇ ಈಗ ಹೋಗುವುದು" ಎಂದರು.

ಬೀಬಿ ಖಾನಿಮ್ ಮಸೀದಿಯನ್ನು ತೈಮೂರ ದಿಲ್ಲಿಯಿಂದ ಹಿಂದಿರುಗಿದ ಬೆನ್ನಿಗೇ, 1399ರಲ್ಲಿ ಶುರು ಮಾಡಿಸಿದ. ಕಲ್ಲು ಸಾಗಿಸಿದ್ದು ಭಾರತದಿಂದ ತಂದ ಆನೆಗಳು. ಐದಾರು ವರ್ಷಗಳಲ್ಲಿ ಎದ್ದ ಅಷ್ಟು ದೊಡ್ಡ ಕಟ್ಟಡ ಬೇಗನೆ ಬಿರುಕು ಬಿಡತೊಡಗಿತು. 1897ರ ಭೂಕಂಪದಲ್ಲಿ ಇನ್ನಷ್ಟು ಉರುಳಿತು. 1970ರ ದಶಕದ ನಂತರ ಮತ್ತೆ ಎಬ್ಬಿಸಿದರು. ಹೊರಗಿನ ಹೊಸ ಹೆಂಚು ನೋಡಿ ಒಳಗೆ ಹೋದರೆ ಬಿರಿದ ಗೋಡೆ, ಕಳಚಿದ ಗಾರೆ ಈಗಲೂ ಹಾಗೇ ಇವೆ. ಅಧ್ಯಾಪಕಿ ಬುಡದ ಕೆತ್ತಿದ ಕಲ್ಲೊಂದರ ಮೇಲೆ ಅಂಗೈ ಇಟ್ಟು ನಿಂತರು. ಯಾವ ಕಲ್ಲನ್ನು ಯಾರು ಕೆತ್ತಿದರೆಂದು ಹೇಳಲಾಗದು. ದಿಲ್ಲಿಯ ಕಡೆಯಿಂದ ಬಲವಂತವಾಗಿ ಬಂದು, ಮನೆಗೆ ಮರಳದೆ ಇಲ್ಲೇ ಉಳಿದವರ ಬೆವರು ಈ ಗೋಡೆಗಳಲ್ಲಿದೆ. ಅದನ್ನು ಬಾಯಿಬಿಟ್ಟು ಹೇಳಲು ಅಲ್ಲೊಂದು ಭಾರತೀಯ ಗುಂಪು ಬೇಕಿತ್ತು. ಗೈಡ್‌ನ ಮುಂದೆ ಇಂಥ ಪ್ರಶ್ನೆ ಎತ್ತಲು ನಮ್ಮಲ್ಲಿ ಬಹಳ ಜನ ಹಿಂಜರಿಯುತ್ತಾರೆ, ಅಥವಾ ಹೋಟೆಲಿಗೆ ಬಂದ ಮೇಲೆ ತಮ್ಮತಮ್ಮಲ್ಲೇ ಗೊಣಗಿಕೊಳ್ಳುತ್ತಾರೆ. ಗೌರವದಿಂದ ಕೇಳಿದರೆ ಒಳ್ಳೆಯ ಗೈಡ್ ಬಾಗಿಲು ಮುಚ್ಚುವುದಿಲ್ಲ ಎಂಬುದನ್ನು ಅಂದು ಕಣ್ಣಾರೆ ಕಂಡೆ.

ತೈಮೂರನ ಗೋರಿಯ ಶಾಪದ ಕಥೆಯನ್ನೂ ಎಲ್ಲರಿಗೂ ಹೇಳುತ್ತಾರೆ. 1941ರ ಜೂನ್‌ನಲ್ಲಿ ಸೋವಿಯತ್ ವಿಜ್ಞಾನಿ ಗೆರಾಸಿಮೊವ್ ಗೋರಿ ತೆರೆದರು, 22ನೇ ತಾರೀಕು ಹಿಟ್ಲರ್ ದಾಳಿ ಮಾಡಿದ. ಎರಡೂ ನಿಜ, ನಡುವಿನ ಶಾಪ ಜನರ ಬಾಯಲ್ಲಿ ಬೆಳೆದದ್ದು. ನನಗೆ ದೊಡ್ಡದೆನಿಸಿದ್ದು ಆ ಮೂಳೆಗಳು ಹೇಳಿದ ಸತ್ಯ. ತೈಮೂರ ಕುಂಟನಾಗಿದ್ದ. ಪಕ್ಕದಲ್ಲೇ ಮಲಗಿದ ಮೊಮ್ಮಗ ಉಲೂಗ್ ಬೇಗನ ತಲೆ ಕಡಿದಿದ್ದರು.

ಆ ಉಲೂಗ್ ಬೇಗನ ವೀಕ್ಷಣಾಲಯ ಊರಾಚೆಯ ದಿಬ್ಬದ ಮೇಲಿದೆ. ನೋಡಲು ಉಳಿದಿರುವುದು ಸ್ವಲ್ಪ. ನೆಲವನ್ನು ಕೊರೆದು ಇಳಿಸಿದ ಬಾಗಿದ ಹಳಿಯಂಥ ಕಲ್ಲಿನ ಕಮಾನು, ಸುಮಾರು 40 ಮೀಟರ್ ತ್ರಿಜ್ಯದ ಮಹಾ ಉಪಕರಣದ ಬುಡ. 1908ರಲ್ಲಿ ವ್ಯಾತ್ಕಿನ್ ಎಂಬ ರಷ್ಯನ್ ಸಂಶೋಧಕ ಹಳೆಯ ದಸ್ತಾವೇಜುಗಳ ಜಾಡು ಹಿಡಿದು ಇದನ್ನು ಅಗೆದು ತೆಗೆದ. ದೂರದರ್ಶಕವಿಲ್ಲದ ಕಾಲದಲ್ಲಿ ಇಲ್ಲಿ ಕುಳಿತು ಸಾವಿರಕ್ಕೂ ಮಿಕ್ಕ ನಕ್ಷತ್ರಗಳ ಸ್ಥಾನ ಗುರುತಿಸಿದರು. ಮುಂದೆ ಜೈಪುರದ ಸವಾಯಿ ಜೈಸಿಂಗ್ ತನ್ನ ಜಂತರ್ ಮಂತರ್‌ಗಳನ್ನು ಕಟ್ಟಿಸುವಾಗ ಈ ಪರಂಪರೆಯನ್ನೇ ಮುಂದಿಟ್ಟುಕೊಂಡಿದ್ದ. ಸಿಂಹಾಸನಕ್ಕಿಂತ ಆಕಾಶವನ್ನು ಹೆಚ್ಚು ನೋಡಿದ ಈ ದೊರೆಯನ್ನು 1449ರಲ್ಲಿ ಮಗನೇ ಕೊಲ್ಲಿಸಿದ.

ನನ್ನ ಪಾಲಿನ ಚರಿತ್ರೆಯನ್ನು ಗೈಡ್‌ಗೆ ಹೇಳಿದ್ದು ಆ ದಿಬ್ಬದ ಮೇಲೆ. ಉಲೂಗ್ ಬೇಗ್ ಇಲ್ಲಿ ನಕ್ಷತ್ರ ನೋಡುತ್ತಿದ್ದಾಗ ಅವನ ತಂದೆ ಶಾರುಖ್ ಹೆರಾತಿನಲ್ಲಿ ಆಳುತ್ತಿದ್ದ. ಅವನ ಆಸ್ಥಾನದಿಂದ ರಾಯಭಾರಿಯಾಗಿ ಹೊರಟ ಅಬ್ದುರ್ ರಜಾಕ್ ಸಮರ್ಕಂದಿ ಹೊರ್ಮುಜ್ ದಾಟಿ, ಕಲ್ಲಿಕೋಟೆಯಲ್ಲಿ ಇಳಿದು, ಮಂಗಳೂರಿನ ದಾರಿಯಾಗಿ 1443ರಲ್ಲಿ ವಿಜಯನಗರ ಮುಟ್ಟಿದ. ಆಗ ಅಲ್ಲಿ ಪ್ರೌಢದೇವರಾಯನ ಆಳ್ವಿಕೆ. ಏಳು ಸುತ್ತಿನ ಕೋಟೆ, ಬಹಿರಂಗವಾಗಿ ಮುತ್ತುರತ್ನ ಮಾರುವ ಬಜಾರು, ಮಹಾನವಮಿಯ ವೈಭವ, ಎಲೆಅಡಿಕೆ ಎಲ್ಲವನ್ನೂ ಬೆರಗಿನಿಂದ ಬರೆದಿಟ್ಟ. ಹೆರಾತ್, ಸಮರ್ಕಂದಗಳು ತಮ್ಮ ಉಚ್ಛ್ರಾಯದಲ್ಲಿದ್ದಾಗ ಅಲ್ಲಿಂದ ಬಂದವನು ಹಂಪಿಯನ್ನು ಕಂಡು ಬೆರಗಾದ ಎಂದರೆ ಹಂಪಿ ಹೇಗಿದ್ದಿರಬೇಕು! ಗೈಡ್ ಅವನ ಹೆಸರನ್ನು ಕೇಳಿದ್ದರು, ಅವನು ಬಂದ ಊರು ನಮ್ಮದೆಂದು ಗೊತ್ತಿರಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಹಂಪಿಯ ಚಿತ್ರಗಳನ್ನೆಲ್ಲ ನೋಡಿದರು.

ಊಟದ ವಿಷಯ ಹೇಳದೆ ಮುಂದೆ ಹೋದರೆ ನಮ್ಮವರು ಒಪ್ಪುವುದಿಲ್ಲ. ಸಸ್ಯಾಹಾರಿಗಳು ಹಸಿದುಕೊಂಡಿರಬೇಕಾಗಿಲ್ಲ. ತಂದೂರಿನಿಂದ ಆಗತಾನೆ ತೆಗೆದ ದುಂಡನೆಯ ನಾನ್, ಟೊಮ್ಯಾಟೊ ಸೌತೆಕಾಯಿಯ ಸಲಾಡ್, ಕುಂಬಳಕಾಯಿ ಹೂರಣದ ಸಮ್ಸಾ, ಮೊಸರು, ಕರಬೂಜ, ಒಣ ಏಪ್ರಿಕಾಟ್, ಹಸಿರು ಚಹಾ ಎಲ್ಲ ಕಡೆಯೂ ಇವೆ. ಪ್ಲೋವ್ ಎಂಬ ಅವರ ಅನ್ನ ಮಾಂಸದೊಂದಿಗೇ ಬೇಯುವಂಥದ್ದು, ಮಾಂಸ ಆರಿಸಿ ಬದಿಗಿಟ್ಟರೆ ಸಸ್ಯಾಹಾರವಾಗುವುದಿಲ್ಲ. ಉಡುಪಿಯ ಅಜ್ಜಿ ನಾನ್ ಜೊತೆಗೆ ಚಟ್ನಿಪುಡಿ, ಮೊಸರು ಕಲಸಿಕೊಂಡು ತೃಪ್ತಿಯಾಗಿದ್ದರು. ದಿನವೂ ಭಾರತೀಯ ಭೋಜನ ಬೇಕೆಂಬ ಹಟದ ಬಗ್ಗೆ ಮಾತ್ರ ನನ್ನ ತಕರಾರಿದೆ. ಊರ ಇನ್ನೊಂದು ತುದಿಯ ಹೋಟೆಲಿಗೆ ಬಸ್ಸಿನಲ್ಲಿ ಹೋಗಿ ಪನೀರ್ ತಿಂದು ಬರುವಷ್ಟರಲ್ಲಿ ಸಂಜೆಯೇ ಮುಗಿದಿರುತ್ತದೆ. ಈ ಊರುಗಳು ಚೆನ್ನಾಗಿ ಕಾಣುವುದೇ ಸಂಜೆ.

ಅದು ಮನದಟ್ಟಾದದ್ದು ಬುಖಾರಾದಲ್ಲಿ. ನಾಲ್ಕು ಊರುಗಳಲ್ಲಿ ನಾನು ಮತ್ತೆ ಹೋಗಬಯಸುವುದು ಇದೊಂದಕ್ಕೇ. ಸಮರ್ಕಂದದ ಸ್ಮಾರಕಗಳ ನಡುವೆ ಅಗಲ ರಸ್ತೆಗಳಿವೆ. ಇಲ್ಲಿ ಊರೇ ಸ್ಮಾರಕ, ನಡೆದೇ ನೋಡಬೇಕು. ಹತ್ತನೆಯ ಶತಮಾನದ ಸಾಮಾನಿ ದೊರೆಗಳ ಗೋರಿ ಬರಿಯ ಸುಟ್ಟ ಇಟ್ಟಿಗೆಯದು, ಬಣ್ಣದ ಹೆಂಚಿನ ಹಂಗಿಲ್ಲ. ಇಟ್ಟಿಗೆಯನ್ನು ಅಡ್ಡ, ಉದ್ದ, ಓರೆ ಇಟ್ಟು ಬುಟ್ಟಿ ಹೆಣೆದಂತೆ ಕಟ್ಟಿದ್ದಾರೆ. 1127ರ ಕಲ್ಯಾನ್ ಮಿನಾರ್ ಸುಮಾರು 46 ಮೀಟರ್ ಎತ್ತರ. 1220ರಲ್ಲಿ ಊರನ್ನು ಸುಟ್ಟ ಚಂಗೀಸ್ ಖಾನನ ದಾಳಿಯಲ್ಲೂ ಅದು ಉಳಿಯಿತು. ಅದರ ಎದುರಿನ ಮೀರ್ ಎ ಅರಬ್ ಮದರಸಾದಲ್ಲಿ ಇಂದಿಗೂ ಹುಡುಗರು ಓದುತ್ತಾರೆ. ನಮ್ಮಂಥವರಿಗೆ ಹೊಸ್ತಿಲವರೆಗೆ ಮಾತ್ರ ಪ್ರವೇಶ. ಉಳಿದ ಬಹುಪಾಲು ಮದರಸಾಗಳ ವಿದ್ಯಾರ್ಥಿ ಕೋಣೆಗಳು ಈಗ ಸುಜನಿ ಕಸೂತಿ, ರೇಷ್ಮೆ ಬಟ್ಟೆ, ಪಿಂಗಾಣಿಯ ಅಂಗಡಿಗಳು. ಗುಂಪನ್ನು ಅಲ್ಲಿ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಬೇಡದಿದ್ದವರು ಅಂಗಳದಲ್ಲಿ ಕುಳಿತು ಕಮಾನುಗಳನ್ನು ನೋಡಬಹುದು, ಆ ಅರ್ಧ ಗಂಟೆ ನಿಜಕ್ಕೂ ಸಿಗುವ ಬಿಡುವು.

ಊರ ನಡುವೆ ಹಿಪ್ಪುನೇರಳೆ ಮರಗಳ ನೆರಳಿನಲ್ಲಿ ಲಬಿ ಹೌಜ್ ಎಂಬ ಕೊಳ. 1620ರ ದಶಕದ್ದು. ಕತ್ತೆಯೇರಿದ ಮುಲ್ಲಾ ನಸ್ರುದ್ದೀನನ ಪ್ರತಿಮೆ ಪಕ್ಕದಲ್ಲೇ ಇದೆ, ಮಕ್ಕಳ ಕಥೆಗಳಿಂದ ಅವನನ್ನು ಬಲ್ಲ ನಮ್ಮವರು ಅಲ್ಲಿ ಸಾಲುಗಟ್ಟಿ ಫೋಟೋ ತೆಗೆಸಿಕೊಂಡರು. ಹಿಂದೆ ಬುಖಾರಾದ ತುಂಬ ಇಂಥ ಕೊಳಗಳಿದ್ದವು. ಕುಡಿಯುವುದೂ ಅದೇ ನೀರು, ಕೈಕಾಲು ತೊಳೆಯುವುದೂ ಅದರಲ್ಲೇ. ಜನರ ಕಾಲಿನಿಂದ ಉದ್ದನೆಯ ಹುಳು ಹೊರಬರುತ್ತಿತ್ತು. ಸೋವಿಯತ್ ಆಡಳಿತ ಕೊಳಗಳನ್ನು ಬತ್ತಿಸಿ, ನಲ್ಲಿ ನೀರು ತಂದು ರೋಗವನ್ನು ಅಳಿಸಿತು. ಗೈಡ್ ವಿವರಿಸುತ್ತಿರುವಾಗಲೇ ಬೀದರಿನ ಮಾಸ್ತರು, "ನಾರುಹುಣ್ಣು!" ಎಂದರು. ಮೆಟ್ಟಿಲು ಬಾವಿಗಿಳಿದು ನೀರು ತುಂಬುತ್ತಿದ್ದ ಉತ್ತರ ಕರ್ನಾಟಕದ ಹಳ್ಳಿಗಳನ್ನು ಕಾಡಿದ್ದೂ ಅದೇ ಹುಳು. ಭಾರತ ಅದರಿಂದ ಪೂರ್ತಿ ಮುಕ್ತ ಎಂದು ಘೋಷಣೆಯಾದದ್ದು 2000ದಲ್ಲಿ. ಹುಬ್ಬಳ್ಳಿಯ ಯಜಮಾನರು ತಮ್ಮ ಅಜ್ಜ ಕಡ್ಡಿಗೆ ಸುತ್ತಿ ಸುತ್ತಿ ದಿನಕ್ಕಿಷ್ಟು ಹುಳು ಹೊರಗೆಳೆಯುತ್ತಿದ್ದುದನ್ನು ಹೇಳಿದರು. ಬುಖಾರಾದ ಹಜಾಮರು ಮಾಡುತ್ತಿದ್ದುದೂ ಹಾಗೆಯೇ.

ಆ ಕೊಳದಿಂದ ನಾಲ್ಕು ಹೆಜ್ಜೆಗೆ ಚಾವಣಿಯುಳ್ಳ ಹಳೆಯ ಬಜಾರು. ಅದರ ಒಂದು ಗುಮ್ಮಟ ಹಣ ಬದಲಿಸುವ ಸರಾಫರದು. ಮುಲ್ತಾನಿನ, ಆಮೇಲೆ ಸಿಂಧದ ಶಿಕಾರ್‌ಪುರದ ಹಿಂದೂ ವರ್ತಕರು ಶತಮಾನಗಳ ಕಾಲ ಬುಖಾರಾದಲ್ಲಿ ಬೀಡುಬಿಟ್ಟು ಬಟ್ಟೆ ಮಾರಿ, ಸಾಲ ಕೊಟ್ಟು, ಹುಂಡಿ ನಡೆಸಿದವರು. ಇದು ಕಾರ್ಯಕ್ರಮಪಟ್ಟಿಯಲ್ಲಿ ಇರಲಿಲ್ಲ. ಅಂದು ಸಂಜೆ ನಮ್ಮಲ್ಲಿ ಅರ್ಧ ಜನ ಭಾರತೀಯ ಭೋಜನ ಬಿಟ್ಟು ಕೊಳದ ದಂಡೆಯಲ್ಲೇ ನಾನ್, ಚಹಾ ತೆಗೆದುಕೊಂಡು ಕುಳಿತೆವು. ಗೈಡ್ ತಮ್ಮ ಕೆಲಸದ ಹೊತ್ತು ಮುಗಿದ ಮೇಲೂ ಬಂದು ಸೇರಿ ಇದನ್ನು ಹೇಳಿದರು. ಪಕ್ಕದ ಮೇಜಿನ ಮುದುಕರೊಬ್ಬರು ನಾವು ಹಿಂದೂಸ್ತಾನದವರೆಂದು ತಿಳಿದು ರಾಜ್ ಕಪೂರ್ ಹೆಸರು ಹೇಳಿ ಎದೆ ಮುಟ್ಟಿಕೊಂಡರು. 'ಆವಾರಾ' ಸೋವಿಯತ್ ನಾಡಿನಲ್ಲೆಲ್ಲ ಓಡಿದ ಕಾಲದ ಹುಡುಗ ಅವರು.

ಬುಖಾರಾದಿಂದ ಖೀವಾಕ್ಕೆ ಕಿಜಿಲ್ ಕುಮ್ ಮರುಭೂಮಿಯ ಮೇಲೆ 450 ಕಿಲೋಮೀಟರ್ ದಾರಿ. ಬಸ್ಸಿಗೆ ಇಡೀ ಹಗಲು ಬೇಕು. ದಾರಿಯ ಶೌಚಾಲಯಗಳು ಕೆಟ್ಟದಾಗಿರುತ್ತವೆ, ಹೆಂಗಸರು ಇದಕ್ಕೆ ಅಂಜಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲಲ್ಲಿ ಅದು ಅಪಾಯ. ಈಗ ಖೀವಾದವರೆಗೂ ರೈಲಿದೆ, ಕಂಪನಿಯವರನ್ನು ಅದಕ್ಕೇ ಒತ್ತಾಯಿಸುವುದು ಒಳ್ಳೆಯದು. ಬಸ್ಸಿನವರಿಗೆ ಸಿಗುವುದು ಅಮು ದರಿಯಾ ನದಿ. ಹತ್ತಿ ಬೆಳೆಯಲು ಅದರ ನೀರನ್ನು ಕಾಲುವೆಗಳಿಗೆ ತಿರುಗಿಸಿದ್ದರಿಂದ, ಅದು ತುಂಬಿಸುತ್ತಿದ್ದ ಅರಲ್ ಸಮುದ್ರ ಒಂದು ಜೀವಮಾನದೊಳಗೆ ಬಹುಪಾಲು ಬತ್ತಿತು. ಹೊಲಗಳ ಅಂಚಿನಲ್ಲಿ ಉಪ್ಪು ಬೆಳ್ಳಗೆ ಮೇಲೆದ್ದಿರುವುದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ.

ಖೀವಾದ ಒಳಕೋಟೆ ಇಚಾನ್ ಕಾಲಾ 1990ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು, ಉಜ್ಬೇಕಿಸ್ತಾನದ ಊರುಗಳಲ್ಲಿ ಮೊದಲನೆಯದು. ಕಟ್ಟಿಸಿದ ಖಾನ 1855ರಲ್ಲಿ ಯುದ್ಧದಲ್ಲಿ ಸತ್ತದ್ದರಿಂದ 29 ಮೀಟರಿಗೇ ನಿಂತುಹೋದ ದಪ್ಪನೆಯ ನೀಲಿ ಮಿನಾರ್, ಇನ್ನೂರಕ್ಕೂ ಹೆಚ್ಚು ಮರದ ಕಂಬಗಳ ಜುಮಾ ಮಸೀದಿ, ಗುಲಾಮರ ಮಾರುಕಟ್ಟೆಯ ಜಾಗ. ಒಂದು ದಿನದಲ್ಲಿ ನೋಡಿ ಮುಗಿಯುತ್ತದೆ. ಪಶ್ಚಿಮದ ಬಾಗಿಲಾಚೆ ಗಣಿತಜ್ಞ ಅಲ್ ಖ್ವಾರಿಜ್ಮಿ ಕುಳಿತಿದ್ದಾನೆ. ಈ ಸೀಮೆಯ ಹೆಸರನ್ನೇ ಹೊತ್ತ ಅವನು ಒಂಬತ್ತನೆಯ ಶತಮಾನದಲ್ಲಿ ಭಾರತದ ಅಂಕಿಗಳಿಂದ ಲೆಕ್ಕ ಮಾಡುವುದನ್ನು ವಿವರಿಸಿ ಪುಸ್ತಕ ಬರೆದ. ಅದು ಲ್ಯಾಟಿನ್‌ಗೆ ಹೋಗಿ ಯೂರೋಪು ನಮ್ಮ ಸೊನ್ನೆಯನ್ನು ಕಲಿಯಿತು. ಇದೇ ಖ್ವಾರಿಜ್ಮ್‌ನ ಅಲ್ ಬಿರೂನಿ ಸಂಸ್ಕೃತ ಕಲಿತು ಭಾರತದ ಬಗ್ಗೆ ಬರೆದ. ತೈಮೂರನ ಗೋರಿಯ ಮುಂದೆ ಮುಖ ಗಂಟಿಕ್ಕಿ ನಿಂತಿದ್ದ ನಮ್ಮ ಗುಂಪು ಇಲ್ಲಿ ಪ್ರತಿಮೆಯ ಪಾದದ ಬಳಿ ಒಟ್ಟಿಗೆ ನಿಂತು ಚಿತ್ರ ತೆಗೆಸಿಕೊಂಡಿತು, ಗೈಡ್ ಅವರನ್ನು ನಡುವೆ ನಿಲ್ಲಿಸಿಕೊಂಡು.

ಹೋಗಬೇಕೆಂದಿರುವವರು ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಆರಿಸಿಕೊಳ್ಳಲಿ, ನಡುಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕಲ್ಲುಹಾಸಿನ ಮೇಲೆ ದಿನವಿಡೀ ನಡೆಯಲು ಒಗ್ಗಿದ ಹಳೆಯ ಬೂಟು ಸಾಕು. ಹಣ ಕಟ್ಟುವ ಮುನ್ನ ಕಂಪನಿಯವರನ್ನು ಎರಡು ಮಾತು ಕೇಳಿ. ಗೈಡ್ ಎಲ್ಲ ಊರಿಗೂ ಒಬ್ಬರೇ ಇರುತ್ತಾರೋ, ಊರಿಗೊಬ್ಬರು ಬದಲಾಗುತ್ತಾರೋ? ಒಬ್ಬರೇ ಇದ್ದರೆ ಮೊದಲ ದಿನದ ಪ್ರಶ್ನೆಗೆ ನಾಲ್ಕನೆಯ ದಿನ ಉತ್ತರ ಸಿಗುತ್ತದೆ. ಬುಖಾರಾದಲ್ಲಿ ಎಷ್ಟು ರಾತ್ರಿ? ಒಂದೇ ಎಂದರೆ ತಾಷ್ಕೆಂಟಿನದೊಂದನ್ನು ಕಡಿಮೆ ಮಾಡಿ ಇಲ್ಲಿಗೆ ಸೇರಿಸಿ ಎಂದು ಹೇಳಿ. ಹತ್ತು ಜನ ಒಟ್ಟಾಗಿ ಕೇಳಿದರೆ ಮಾಡಿಕೊಡುತ್ತಾರೆ.